ಮಳೆಗಾಲಕ್ಕೆ ಮುನ್ನ ಹಳೆಯ ಫೋರ್‌ವೀಲ್ ಡ್ರೈವ್ ಜೀಪಿನ ದೊಡ್ಡ ಸರ್ವಿಸ್

2 ಲಕ್ಷ ಕಿಲೋಮೀಟರ್ ದಾಟಿದ ಫೋರ್‌ವೀಲ್ ಡ್ರೈವ್ ಜೀಪಿನ ದೊಡ್ಡ ಸರ್ವಿಸನ್ನು ಮಲೆನಾಡಿನಲ್ಲಿ ಏಪ್ರಿಲ್‌ನಲ್ಲೇ ಮಾಡಿಸುವುದು ಒಳ್ಳೆಯದು. ಆಗ ಅಡಿಕೆ ಕೊಯ್ಲು ಮುಗಿದಿರುತ್ತದೆ. ಬಿಡಿಭಾಗ ಶಿವಮೊಗ್ಗದಲ್ಲಿ ಸಿಗದೆ ಬೆಂಗಳೂರಿನಿಂದ ತರಿಸಬೇಕಾಗಿ ಬಂದರೂ ಜೂನ್ ಮಳೆಗೆ ಮೊದಲು ಗಾಡಿ ಮನೆ ಸೇರುತ್ತದೆ.

ಮೊದಲು ಹಳೆಯ ಬಿಲ್ಲುಗಳನ್ನು ನೋಡಿ, ಯಾವ ಕೆಲಸ ಎಷ್ಟು ಕಿಲೋಮೀಟರಿಗೆ ಆಗಿದೆ ಎಂದು ಬರೆದುಕೊಳ್ಳಬೇಕು. ಟೈಮಿಂಗ್ ಬೆಲ್ಟ್ (ವಾಲ್ವ್‌ಗಳ ಚಲನೆಯನ್ನು ಪಿಸ್ಟನ್ನಿನ ಚಲನೆಗೆ ಹೊಂದಿಸುವ ಪಟ್ಟಿ) ಇರುವ ಎಂಜಿನ್ನಾಗಿದ್ದು, ಅದನ್ನು ಬದಲಿಸಿದ ದಾಖಲೆ ಇಲ್ಲದಿದ್ದರೆ, ಬದಲಿಸಿಲ್ಲವೆಂದೇ ತಿಳಿದು ಬೆಲ್ಟನ್ನು ಬಿಗಿಯಾಗಿಡುವ ಟೆನ್ಷನರ್ ಸಹಿತ ಹೊಸದನ್ನು ಹಾಕಿಸಬೇಕು. ಬೆಲ್ಟ್ ತುಂಡಾದರೆ ವಾಲ್ವ್‌ಗಳು ಪಿಸ್ಟನ್ನಿಗೆ ಬಡಿದು ಎಂಜಿನ್ನೇ ಹಾಳಾಗಬಹುದು.

ನನ್ನ ಅನುಭವದಲ್ಲಿ ಎಲ್ಲಕ್ಕಿಂತ ಹೆಚ್ಚು ಕಡೆಗಣಿಸಲ್ಪಡುವುದು ಡಿಫರೆನ್ಷಿಯಲ್, ಅಂದರೆ ಎಂಜಿನ್ನಿನ ಶಕ್ತಿಯನ್ನು ಎಡ-ಬಲ ಚಕ್ರಗಳಿಗೆ ಹಂಚುವ ಗೇರುಗಳ ಜೋಡಣೆ. ಓಡಿ ಬಿಸಿಯಾದ ಅದರ ಹೌಸಿಂಗ್ (ಹೊರಕವಚ) ಹಳ್ಳದ ತಣ್ಣೀರಿಗೆ ಇಳಿದಾಗ ಒಳಗಿನ ಗಾಳಿ ಕುಗ್ಗುತ್ತದೆ. ಗಾಳಿಯಾಡಲು ಇರುವ ಬ್ರೀದರ್ ಕೊಳವೆ ಕೆಸರಿನಿಂದ ಕಟ್ಟಿಕೊಂಡಿದ್ದರೆ ಸೀಲಿನ ಸಂದಿಯಿಂದ ನೀರು ಒಳಸೇರುತ್ತದೆ. ಆದ್ದರಿಂದ ಮುಂದಿನ ಹಾಗೂ ಹಿಂದಿನ ಡಿಫರೆನ್ಷಿಯಲ್ ಮತ್ತು ಮುಂದಿನ-ಹಿಂದಿನ ಚಕ್ರಗಳಿಗೆ ಶಕ್ತಿ ಹಂಚುವ ಟ್ರಾನ್ಸ್‌ಫರ್ ಕೇಸ್, ಈ ಮೂರರ ಎಣ್ಣೆಯನ್ನೂ ಎದುರು ನಿಂತು, ಬೇರೆ ಬೇರೆ ಡಬ್ಬಿಗೆ ಇಳಿಸಿ ನೋಡಬೇಕು. ಅದು ಹಾಲು ಬೆರೆಸಿದ ಕಾಫಿಯ ಬಣ್ಣಕ್ಕೆ ತಿರುಗಿದ್ದರೆ ಎಣ್ಣೆಯಷ್ಟೇ ಬದಲಿಸಿದರೆ ಸಾಲದು, ಸೀಲನ್ನೂ ಬ್ರೀದರನ್ನೂ ಸರಿಪಡಿಸಬೇಕು. ಡ್ರೈನ್ ಬೋಲ್ಟಿಗೆ ಮುಂಚೆ ಎಣ್ಣೆ ತುಂಬುವ ಬೋಲ್ಟನ್ನು ಬಿಚ್ಚಿಸಿ. ಅದು ತುಕ್ಕು ಹಿಡಿದು ಕಚ್ಚಿಕೊಂಡಿದ್ದರೆ, ಎಣ್ಣೆ ಇಳಿಸಿದ ಗಾಡಿಗೆ ಹೊಸ ಎಣ್ಣೆ ತುಂಬಲು ದಾರಿಯೇ ಇರುವುದಿಲ್ಲ.

ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರಿಕೊಂಡಂತೆ ಅದರ ಕುದಿಬಿಂದು ಇಳಿಯುತ್ತದೆ; ಸತತ ಬ್ರೇಕಿನ ಬಿಸಿಗೆ ಅದು ಕುದಿದರೆ ಬ್ರೇಕ್ ಸರಿಯಾಗಿ ಹಿಡಿಯುವುದಿಲ್ಲ. 14 ತಿರುವುಗಳ ಆಗುಂಬೆ ಘಾಟಿಯನ್ನು ಇಳಿಯುವವರು ಅದನ್ನು 2 ವರ್ಷಕ್ಕೊಮ್ಮೆ ಬದಲಿಸಲೇಬೇಕು. ಚಾಸಿಸ್ಸಿನ ತುಕ್ಕು ಕೆರೆಸಿ ಬಣ್ಣ ಹೊಡೆಸುವ ಕೆಲಸವನ್ನು, ಅಡಿಭಾಗ ಪೂರ್ತಿ ಒಣಗಿದ ಮೇಲೆ, ಕೊನೆಗೆ ಇಟ್ಟುಕೊಳ್ಳಿ.