‘ಅಪ್‌ಡೇಟ್ ಮಾಡಿ’ ಅಂದಾಗ ನಾನು ಮೊದಲು ನೋಡುವುದು

ಅಪ್‌ಡೇಟ್ ಸೂಚನೆ ಬಂದರೆ ಅದು ಏನು ಹೇಳುತ್ತಿದೆ ಅನ್ನುವುದಕ್ಕಿಂತ ಕಳಿಸಿದ್ದು ಯಾರು ಅಂತ ನೋಡುತ್ತೇನೆ. ಆಂಡ್ರಾಯ್ಡ್‌ನಲ್ಲಿ ಸೂಚನೆಯನ್ನು ಒತ್ತಿ ಹಿಡಿದರೆ ಆ್ಯಪ್‌ನ ಹೆಸರು ಕಾಣುತ್ತದೆ. ‘ಕ್ರೋಮ್’ ಎಂದಿದ್ದು ಜೊತೆಗೆ ಯಾವುದೋ ವೆಬ್‌ಸೈಟಿನ ವಿಳಾಸ ಇದ್ದರೆ ಅದು ಫೋನಿನ ಅಪ್‌ಡೇಟೇ ಅಲ್ಲ. ಎಂದೋ ಯಾವುದೋ ಪುಟದಲ್ಲಿ ನೋಟಿಫಿಕೇಶನ್‌ಗೆ ‘ಅನುಮತಿಸಿ’ ಒತ್ತಿದ್ದರ ಫಲ. ಅಲ್ಲೇ ಆ ಸೈಟನ್ನು ಬಂದ್ ಮಾಡುತ್ತೇನೆ. ಬ್ರೌಸರ್ ಒಳಗೆ ‘ವೈರಸ್ ಬಂದಿದೆ, ಈಗಲೇ ಅಪ್‌ಡೇಟ್ ಮಾಡಿ’ ಎಂದು ಪರದೆ ತುಂಬಿಕೊಂಡರೆ ಟ್ಯಾಬನ್ನೇ ಮುಚ್ಚುತ್ತೇನೆ. ಅದರಲ್ಲಿರುವ ‘ರದ್ದು’ ಬಟನ್ ಕೂಡ ಆ ಪುಟದವರೇ ಇಟ್ಟದ್ದು, ಮುಟ್ಟುವುದಿಲ್ಲ.

ಅಸಲಿ ಸೂಚನೆಯಾದರೂ ಅದರ ಮೇಲೆ ಒತ್ತುವುದಿಲ್ಲ. ನಾನೇ ಸೆಟ್ಟಿಂಗ್ಸ್‌ಗೆ ಹೋಗಿ ಸಾಫ್ಟ್‌ವೇರ್ ಅಪ್‌ಡೇಟ್ ತೆರೆದು, ಬಂದಿರುವುದು ಸೆಕ್ಯುರಿಟಿ ಪ್ಯಾಚೋ (ಭದ್ರತೆಯ ಲೋಪ ಮುಚ್ಚುವ ತೇಪೆ) ಇಡೀ ಸಿಸ್ಟಮ್‌ನ ಹೊಸ ಆವೃತ್ತಿಯೋ ನೋಡುತ್ತೇನೆ. ಪ್ಯಾಚ್ ಆದರೆ ಹಾಕಿಬಿಡುತ್ತೇನೆ, ಅದನ್ನು ತಡೆದು ಲಾಭವಿಲ್ಲ. ಆವೃತ್ತಿಯಾದರೆ ಬ್ಯಾಕಪ್ ಆಗುವವರೆಗೆ ಕಾಯುತ್ತೇನೆ, ಹಿಂದಿನದಕ್ಕೆ ಮರಳುವುದು ಹೆಚ್ಚಿನ ಫೋನ್‌ಗಳಲ್ಲಿ ಸುಲಭವಿಲ್ಲ.

‘ನಾನು ಒಪ್ಪಲೇ ಇಲ್ಲ, ತಾನೇ ಅಪ್‌ಡೇಟ್ ಆಯಿತು’ ಅನ್ನುವವರು ಬಹಳ. ಆಂಡ್ರಾಯ್ಡ್ 7ರಿಂದ ಬಂದ ವ್ಯವಸ್ಥೆಯಲ್ಲಿ, ನೀವು ಫೋನ್ ಬಳಸುತ್ತಿರುವಾಗಲೇ ಹೊಸ ಸಿಸ್ಟಮ್ ಮೆಮೊರಿಯ ಇನ್ನೊಂದು ಭಾಗದಲ್ಲಿ ಕೂರುತ್ತದೆ. ಆಮೇಲೆ ಬೇರಾವುದೋ ಕಾರಣಕ್ಕೆ ರೀಸ್ಟಾರ್ಟ್ ಮಾಡಿದರೂ ಫೋನ್ ಹೊಸದರಲ್ಲೇ ಏಳುತ್ತದೆ. ಇದನ್ನು ತಡೆಯಲು ‘ಅಬೌಟ್ ಫೋನ್’ನಲ್ಲಿ ಬಿಲ್ಡ್ ನಂಬರ್ ಮೇಲೆ 7 ಸಲ ತಟ್ಟಿ, ಆಗ ಕಾಣುವ ‘ಡೆವಲಪರ್ ಆಪ್ಶನ್ಸ್’ ಎಂಬ ಅಡಗಿದ ಸೆಟ್ಟಿಂಗ್ಸ್ ಪುಟ ತೆರೆದು, ‘ಆಟೋಮ್ಯಾಟಿಕ್ ಸಿಸ್ಟಮ್ ಅಪ್‌ಡೇಟ್ಸ್’ ಆಫ್ ಮಾಡುತ್ತೇನೆ. ಕೆಲವು ಕಂಪನಿಗಳ ಫೋನಿನಲ್ಲಿ ಈ ಸ್ವಿಚ್ಚಿಗೆ ಬೆಲೆಯಿಲ್ಲ. ಅವುಗಳಲ್ಲಿ ಸಾಫ್ಟ್‌ವೇರ್ ಅಪ್‌ಡೇಟ್ ಪುಟದಲ್ಲೇ ವೈಫೈ ಮೂಲಕ ತಾನಾಗಿ ಇಳಿಸಿಕೊಳ್ಳುವುದನ್ನೂ ಆಫ್ ಮಾಡಬೇಕು.

ಐಫೋನ್‌ನಲ್ಲಿ ಮೋಸ ಹೋಗುವುದು ಅಪ್‌ಡೇಟ್‌ಗೆ ಒಪ್ಪಿಗೆ ಕೇಳುವ ಪಾಸ್‌ಕೋಡ್ ಪರದೆಯಲ್ಲಿ. ಲಾಕ್ ತೆಗೆಯುವ ಪರದೆಯಂತೆಯೇ ಕಾಣುವುದರಿಂದ ಕೈ ತಾನಾಗಿ ಅಂಕಿ ಒತ್ತುತ್ತದೆ. ಒತ್ತಿದರೆ ರಾತ್ರಿ ಚಾರ್ಜ್‌ಗಿಟ್ಟಾಗ ಅಪ್‌ಡೇಟ್ ಮಾಡಲು ಒಪ್ಪಿದಂತೆ. ಬೇಡವಾದರೆ ಸೆಟ್ಟಿಂಗ್ಸ್, ಜನರಲ್, ಐಫೋನ್ ಸ್ಟೋರೇಜ್‌ನಲ್ಲಿ ಇಳಿದಿರುವ ಐಒಎಸ್ ಫೈಲ್ ಹುಡುಕಿ ಅಳಿಸಿ, ಆಟೋಮ್ಯಾಟಿಕ್ ಅಪ್‌ಡೇಟ್ಸ್ ಆಫ್ ಮಾಡಬೇಕು.

ಅಪ್‌ಡೇಟ್ ಮುಗಿದ ಮೇಲೆ ಇನ್ನೊಂದು ಕಾಟ. ಕೆಲವು ಆಂಡ್ರಾಯ್ಡ್ ಫೋನ್‌ಗಳು ‘ಸೆಟಪ್ ಪೂರ್ಣಗೊಳಿಸಿ’ ಎಂದು ಒಂದು ಪಟ್ಟಿ ತೋರಿಸುತ್ತವೆ. ಗೇಮು, ಶಾಪಿಂಗ್ ಆ್ಯಪ್‌ಗಳಿಗೆಲ್ಲ ಮೊದಲೇ ಟಿಕ್ ಹಾಕಿರುತ್ತದೆ. ಕೆಳಗಿನ ದೊಡ್ಡ ಬಟನ್ ಒತ್ತಿದರೆ ಅಷ್ಟೂ ಇಳಿಯುತ್ತವೆ. ಒಂದೊಂದೇ ಟಿಕ್ ತೆಗೆದು ಮುಂದೆ ಹೋಗುತ್ತೇನೆ. ಈಗಾಗಲೇ ಇಳಿದಿದ್ದರೆ ಅವನ್ನು ಅಳಿಸಿದರಷ್ಟೇ ಸಾಲದು, ಮುಂದಿನ ಅಪ್‌ಡೇಟಿಗೆ ಮತ್ತೆ ಬರಬಹುದು. ಅಳಿಸುವ ಮೊದಲು ಅಂಥ ಒಂದು ಆ್ಯಪ್‌ನ ‘ಆ್ಯಪ್ ಇನ್ಫೋ’ ತೆರೆದು ತಳಕ್ಕೆ ಹೋಗಿ ನೋಡುತ್ತೇನೆ: ಎಲ್ಲಿಂದ ಇನ್‌ಸ್ಟಾಲ್ ಆಗಿದೆ ಎಂದು ಸಾಮಾನ್ಯವಾಗಿ ಅಲ್ಲಿರುತ್ತದೆ. ಪ್ಲೇ ಸ್ಟೋರ್ ಅಲ್ಲದೆ ಅಪರಿಚಿತ ಹೆಸರಿದ್ದರೆ ಇವನ್ನೆಲ್ಲ ತಂದು ಸುರಿಯುತ್ತಿರುವುದು ಆ ಹೆಸರಿನ ಆ್ಯಪೇ. ಆ್ಯಪ್ ಪಟ್ಟಿಯಲ್ಲಿ ಅದನ್ನು ಹುಡುಕಿ ‘ಡಿಸೇಬಲ್’ ಒತ್ತುತ್ತೇನೆ.