ಐಡಿ ಕಾರ್ಡ್ ಮಾಡಿಸ್ತೀರಾ? ಪ್ರಿಂಟರ್ ಆಮೇಲೆ ನೋಡೋಣ, ಮೊದ್ಲು ಲಿಸ್ಟ್ ಸರಿ ಮಾಡ್ಕೊಳ್ಳಿ

ಜೂನ್ ಬಂತು ಅಂದ್ರೆ ನಮ್ಮಂಥ ಡಿಟಿಪಿ ಅಂಗಡಿಗಳಿಗೆ ಸ್ಕೂಲು, ಕಾಲೇಜು, ನರ್ಸಿಂಗ್ ಹೋಮು, ಸೊಸೈಟಿ ಎಲ್ಲ ಕಡೆಯಿಂದ ಜನ ಪೆನ್‌ಡ್ರೈವ್ ಹಿಡ್ಕೊಂಡು ಬರ್ತಾರೆ. ‘ಸಾರ್, ಐನೂರು ಐಡಿ ಕಾರ್ಡು, ಸೋಮವಾರ ಕೊಟ್ಬಿಡಿ.’ ಪೆನ್‌ಡ್ರೈವ್ ತೆಗೆದ್ರೆ ಒಂದು ಎಕ್ಸೆಲ್ ಫೈಲು, ಪಕ್ಕದಲ್ಲಿ ಫೋಲ್ಡರ್ ತುಂಬ ವಾಟ್ಸಾಪಿಂದ ಇಳಿಸಿದ ಫೋಟೋಗಳು, ಯಾವ ಮುಖಕ್ಕೆ ಯಾವ ಹೆಸರು ಅಂತ ಆ ಶಿವನೇ ಹೇಳ್ಬೇಕು. ಪ್ರಿಂಟ್ ಮಾಡೋದು ಒಂದು ದಿನದ ಕೆಲಸ ಕಣ್ರೀ, ಕೆಡೋದೆಲ್ಲ ಅದಕ್ಕೆ ಮುಂಚೇನೇ ಕೆಟ್ಟಿರುತ್ತೆ. ಹಾಗಾಗಿ ಈ ಲೇಖನದಲ್ಲಿ ಪ್ರಿಂಟರ್ ಬಗ್ಗೆ ಕಮ್ಮಿ, ಫೋಟೋ ಮತ್ತೆ ಲಿಸ್ಟ್ ಬಗ್ಗೆ ಜಾಸ್ತಿ.

ಮೊದಲು: ಈ ಕಾರ್ಡ್ ಏನು ಕೆಲಸ ಮಾಡ್ಬೇಕು?

ಇದನ್ನ ಕೇಳಿದ್ರೆ ಎಷ್ಟೋ ಜನ ಪಿಳಿಪಿಳಿ ನೋಡ್ತಾರೆ. ಗೇಟಲ್ಲಿ ವಾಚ್‌ಮನ್ ನೋಡೋಕಾ, ಲೈಬ್ರರಿಲಿ ಸ್ಕ್ಯಾನ್ ಮಾಡೋಕಾ, ಅಟೆಂಡೆನ್ಸ್ ಮೆಷಿನ್‌ಗೆ ಮುಟ್ಸೋಕಾ, ಪರೀಕ್ಷೆ ಹಾಲಲ್ಲಿ ಮುಖ ತಾಳೆ ನೋಡೋಕಾ? ಗೇಟಿಗೆ ಮಾತ್ರ ಅಂದ್ರೆ ದೊಡ್ಡ ಫೋಟೋ, ದೊಡ್ಡ ಹೆಸರು, ಈ ವರ್ಷದ ಬಣ್ಣದ ಪಟ್ಟಿ ಇದ್ರೆ ಸಾಕು. ಪಟ್ಟಿ ಬಣ್ಣ ವರ್ಷಾ ವರ್ಷ ಬದಲಾಯಿಸಿ, ಹಳೇ ಕಾರ್ಡ್ ಹಾಕ್ಕೊಂಡು ಬಂದೋರು ಹತ್ತು ಅಡಿ ದೂರದಿಂದಲೇ ಗೊತ್ತಾಗ್ತಾರೆ, ಇದಕ್ಕೆ ಯಾವ ಸಾಫ್ಟ್‌ವೇರೂ ಬೇಡ. ಲೈಬ್ರರಿ ಇದ್ರೆ ಬಾರ್‌ಕೋಡ್. ಅಟೆಂಡೆನ್ಸ್ ಮೆಷಿನ್ ಈಗಾಗ್ಲೇ ಗೋಡೆ ಮೇಲಿದ್ರೆ ಮಾತ್ರ ಚಿಪ್. ‘ಮುಂದೆ ಬೇಕಾಗಬಹುದು’ ಅಂತ ಚಿಪ್ ಹಾಕಿಸ್ಬೇಡಿ, ಆ ಮುಂದೆ ಬರೋದೇ ಇಲ್ಲ.

ಕೆಲವರಿಗೆ ಇದು ಇಷ್ಟದ ವಿಷಯ ಅಲ್ಲ, ಕಾನೂನು. ಸೆಕ್ಯುರಿಟಿ ಏಜೆನ್ಸಿಯವರು 2005ರ ಖಾಸಗಿ ಭದ್ರತಾ ಏಜೆನ್ಸಿಗಳ ಕಾಯ್ದೆ ಪ್ರಕಾರ ಗಾರ್ಡ್‌ಗಳಿಗೆ ಫೋಟೋ ಇರೋ ಗುರುತಿನ ಚೀಟಿ ಕೊಡ್ಲೇಬೇಕು. ಇನ್ನೊಂದು ಮಾತು, ಕಂಪನಿ ಕಾರ್ಡು ಕಂಪನಿ ಒಳಗೆ ಮಾತ್ರ ಹುಲಿ. ಗಾರ್ಮೆಂಟ್ಸ್‌ಗೆ ಹೋಗೋ ಹೆಣ್ಮಕ್ಕಳು ಬಸ್ಸಲ್ಲಿ ಶಕ್ತಿ ಟಿಕೆಟ್‌ಗೆ ಇದನ್ನೇ ತೋರ್ಸಿ ಕಂಡಕ್ಟರ್ ಹತ್ರ ಜಗಳ ಆಡೋದು ನೋಡಿದೀನಿ. ಅದಕ್ಕೆ ಸರ್ಕಾರ ಕೊಟ್ಟಿರೋ, ಕರ್ನಾಟಕದ ವಿಳಾಸ ಇರೋ ಕಾರ್ಡೇ ಬೇಕು.

ಕಾರ್ಡಲ್ಲಿ ಏನಿರಬೇಕು, ಏನಿರಬಾರದು

ಮುಂದೆ: ಫೋಟೋ, ಹೆಸರು, ತರಗತಿ ಅಥವಾ ಹುದ್ದೆ, ನಂಬರು, ಯಾವ ವರ್ಷದವರೆಗೆ ನಡೆಯುತ್ತೆ ಅನ್ನೋದು. ಹಿಂದೆ: ಸಂಸ್ಥೆ ಫೋನು, ಮನೆಯವರ ಒಂದು ಫೋನು, ಸಿಕ್ಕಿದ್ರೆ ಎಲ್ಲಿಗೆ ಕೊಡ್ಬೇಕು ಅಂತ. ಮುಗೀತು.

ಆಧಾರ್ ನಂಬರ್ ಹಾಕ್ಬೇಡಿ. ಕೈ ಮುಗಿದು ಹೇಳ್ತೀನಿ, ಹಾಕ್ಬೇಡಿ. ಮಗು ಕೊರಳಲ್ಲಿ ಆಧಾರ್ ನಂಬರ್, ಹುಟ್ಟಿದ ತಾರೀಕು, ಮನೆ ವಿಳಾಸ ಎಲ್ಲ ನೇತಾಕಿ ಬಸ್ ಸ್ಟಾಪಲ್ಲಿ ನಿಲ್ಸೋದು ಯಾವ ಬುದ್ಧಿವಂತಿಕೆ? 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಗೆ 18 ತುಂಬದೋರೆಲ್ಲ ಮಕ್ಕಳೇ, ಹಾಗಾಗಿ ಅಡ್ಮಿಷನ್ ಫಾರಂನಲ್ಲೇ ಫೋಟೋ ಮತ್ತೆ ಮಾಹಿತಿ ಯಾಕೆ ತಗೋತಿದೀರ ಅಂತ ಬರೆದು ಅಪ್ಪ ಅಮ್ಮನ ಸಹಿ ಹಾಕಿಸ್ಕೊಂಡುಬಿಡಿ. ಬ್ಲಡ್ ಗ್ರೂಪ್ ಬಗ್ಗೆ ನನ್ನ ಅಭಿಪ್ರಾಯ: ಲ್ಯಾಬ್ ರಿಪೋರ್ಟ್ ನೋಡಿ ಹಾಕೋದಾದ್ರೆ ಹಾಕಿ, ಇಲ್ಲ ಅಂದ್ರೆ ಆ ಜಾಗ ಖಾಲಿ ಬಿಡಿ. ‘ನಮ್ಮನೇಲಿ ಎಲ್ರದ್ದೂ ಬಿ ಪಾಸಿಟಿವ್’ ಅಂತ ಬಾಯಲ್ಲಿ ಹೇಳಿದ್ದನ್ನ ಹಾಕೋದಲ್ಲ. ಆಸ್ಪತ್ರೆಯವರು ಹೆಂಗೂ ಟೆಸ್ಟ್ ಮಾಡದೆ ರಕ್ತ ಕೊಡಲ್ಲ.

ಲಿಸ್ಟ್

ಪ್ರತಿ ಒಬ್ಬರಿಗೂ ಒಂದು ನಂಬರು, ಅಡ್ಮಿಷನ್ ನಂಬರೋ ಎಂಪ್ಲಾಯಿ ನಂಬರೋ, ಯಾವ್ದಾದ್ರೂ ಒಂದು, ಆದ್ರೆ ಮತ್ತೊಬ್ಬರಿಗೆ ಇರಬಾರದು. ರೋಲ್ ನಂಬರ್ ಬೇಡ, ಅದು ಪ್ರತಿ ಸೆಕ್ಷನ್ನಲ್ಲೂ 1ರಿಂದ ಶುರುವಾಗುತ್ತೆ.

ಎಕ್ಸೆಲ್ ಶೀಟಲ್ಲಿ ಟೈಪ್ ಮಾಡೋಕೆ ಮುಂಚೆ ಎಲ್ಲ ಕಾಲಂನೂ ಸೆಲೆಕ್ಟ್ ಮಾಡಿ ಫಾರ್ಮ್ಯಾಟನ್ನ ‘ಟೆಕ್ಸ್ಟ್’ ಅಂತ ಮಾಡ್ಕೊಳ್ಳಿ. ಇಲ್ಲಾಂದ್ರೆ 0047 ಅನ್ನೋದು 47 ಆಗುತ್ತೆ, ‘5-2’ ಅಂತ ಸೆಕ್ಷನ್ ಹಾಕಿದ್ರೆ ಎಕ್ಸೆಲ್ ಅದನ್ನ ತಾರೀಕು ಅಂದ್ಕೊಂಡು ತಿಂಗಳ ಹೆಸರು ತೋರ್ಸುತ್ತೆ, ಹುಟ್ಟಿದ ದಿನ 3ನೇ ಆಗಸ್ಟ್ ಇದ್ದದ್ದು 8ನೇ ಮಾರ್ಚ್ ಆಗಿ ಕೂತಿರುತ್ತೆ. ಟೈಪ್ ಮಾಡಿದ ಮೇಲೆ ಟೆಕ್ಸ್ಟ್ ಅಂತ ಬದಲಾಯಿಸಿದ್ರೆ ಹೋದ ಸೊನ್ನೆ ವಾಪಸ್ ಬರಲ್ಲ.

ಹೆಸರಿನ ಸ್ಪೆಲ್ಲಿಂಗು ಶಾಲೆಯವರಾದ್ರೆ ಸ್ಯಾಟ್ಸ್‌ನಲ್ಲಿ (ಶಿಕ್ಷಣ ಇಲಾಖೆಯ ಆನ್‌ಲೈನ್ ವಿದ್ಯಾರ್ಥಿ ದಾಖಲೆ) ಹೇಗಿದೆಯೋ ಹಾಗೇ ತಗೊಳ್ಳಿ, ಟೀಚರ್ ಹಾಜರಿ ಪುಸ್ತಕದಿಂದ ಬೇಡ. ಹಾಜರಿಲಿ ‘ಮಂಜು’ ಅಂತಿರುತ್ತೆ, ಸ್ಯಾಟ್ಸ್‌ನಲ್ಲಿ ‘ಮಂಜುನಾಥ ಎಚ್ ಕೆ’ ಅಂತ. ಇನಿಷಿಯಲ್ ಮುಂದೋ ಹಿಂದೋ, ಚುಕ್ಕಿ ಬೇಕೋ ಬೇಡ್ವೋ, ಒಂದೇ ರೀತಿ ಇಟ್ಕೊಳ್ಳಿ.

ಕನ್ನಡದಲ್ಲಿ ಹೆಸರು ಬೇಕು ಅನ್ನೋರಿಗೆ (ಬೇಕು ಅನ್ನಿ, ದಯವಿಟ್ಟು) ಒಂದು ಎಚ್ಚರಿಕೆ. ನುಡಿ, ಬರಹದ ಹಳೇ ಫಾಂಟಲ್ಲಿ ಟೈಪ್ ಮಾಡಿದ ಫೈಲು ನಿಮ್ಮ ಆಫೀಸ್ ಕಂಪ್ಯೂಟರಲ್ಲಿ ಚೆನ್ನಾಗೇ ಕಾಣುತ್ತೆ, ನಮ್ಮಲ್ಲಿ ತೆಗೆದ್ರೆ ತಲೆ ಬುಡ ಇಲ್ಲದ ಇಂಗ್ಲಿಷ್ ಅಕ್ಷರ. ಯಾಕಂದ್ರೆ ಒಳಗೆ ಇರೋದು ನಿಜವಾಗ್ಲೂ ಇಂಗ್ಲಿಷ್ ಅಕ್ಷರಗಳೇ, ಫಾಂಟು ಮೇಲ್ಗಡೆ ಕನ್ನಡದ ವೇಷ ಹಾಕಿರುತ್ತೆ. ಒಳಗೂ ಕನ್ನಡ ಅಕ್ಷರವೇ ಇರೋ ಯೂನಿಕೋಡ್‌ನಲ್ಲೇ ಟೈಪ್ ಮಾಡಿ. ಇನ್ನೊಂದು ಕಡೆ, ಹಳೇ ಕೋರಲ್ ಡ್ರಾ ಡಿಸೈನ್ ಸಾಫ್ಟ್‌ವೇರ್ ಇಟ್ಕೊಂಡಿರೋ ಅಂಗಡೀಲಿ ಯೂನಿಕೋಡ್ ಹಾಕಿದ್ರೆ ಒತ್ತಕ್ಷರ ಕಿತ್ಕೊಂಡು ಹೊರಗೆ ಬರುತ್ತೆ, ‘ಲಕ್ಷ್ಮಿ’ ಮೂರು ತುಂಡಾಗುತ್ತೆ. ಆರ್ಡರ್ ಕೊಡೋ ಮುಂಚೆ ಲಕ್ಷ್ಮಿ, ಕೃಷ್ಣ, ಸ್ವಾತಂತ್ರ್ಯ ಅಂತ ಮೂರು ಪದ ಪ್ರಿಂಟ್ ಹಾಕಿ ತೋರ್ಸಿ ಅನ್ನಿ. ಆಗಲ್ಲ ಅಂದ್ರೆ ಬೇರೆ ಅಂಗಡಿ ನೋಡ್ಕೊಳ್ಳಿ.

ಫೋಟೋ: ಇಲ್ಲೇ ಎಲ್ರೂ ಮುಗ್ಗರಿಸೋದು

ಸಾಮಾನ್ಯವಾಗಿ ಏನ್ ಮಾಡ್ತಾರೆ? ಫೋಟೋಗ್ರಾಫರ್ ಬರ್ತಾನೆ, ಮಕ್ಕಳನ್ನ ರೋಲ್ ನಂಬರ್ ಪ್ರಕಾರ ಸಾಲಾಗಿ ನಿಲ್ಸಿ ಟಕಟಕ ಹೊಡೀತಾನೆ. ಆಮೇಲೆ ಮೊದಲನೇ ಫೋಟೋಗೆ 1, ಎರಡನೇದಕ್ಕೆ 2 ಅಂತ ಹೆಸರು ಹಾಕ್ತಾರೆ. ಅವತ್ತು 11ನೇ ನಂಬರ್ ಹುಡುಗ ರಜಾ. ಮುಗೀತು ಕಥೆ, 12ನೇ ಹುಡುಗಿ ಮುಖ 11ನೇ ಹುಡುಗನ ಹೆಸರ ಮೇಲೆ, ಅಲ್ಲಿಂದ ಕೊನೇವರೆಗೂ ಎಲ್ಲ ಒಂದೊಂದು ಮನೆ ಜರುಗಿರುತ್ತೆ. ಒಂದು ಮಗು ಕಣ್ಣು ಮುಚ್ಚಿತು ಅಂತ ಎರಡು ಸಲ ಹೊಡೆದಿದ್ರೆ ಉಲ್ಟಾ ಕಡೆಗೆ ಜರುಗುತ್ತೆ. ಎರಡೂ ಒಂದೇ ಕ್ಲಾಸಲ್ಲಿ ಆದ್ರೆ ಇನ್ನೂ ಮಜಾ, ಮಧ್ಯದವರು ಮಾತ್ರ ತಪ್ಪು, ಮೊದಲೂ ಕೊನೇದೂ ಸರಿ, ಹಾಗಾಗಿ ಮೇಲೆ ಕೆಳಗೆ ನೋಡಿ ‘ಎಲ್ಲ ಕರೆಕ್ಟಾಗಿದೆ’ ಅಂತ ಓಕೆ ಮಾಡಿಬಿಡ್ತಾರೆ. ನಮ್ಮ ಕಡೆ ಒಂದು ಹೈಸ್ಕೂಲಲ್ಲಿ ಹಿಂಗೇ ಆಗಿ, ಕಾರ್ಡ್ ಹಂಚಿದ ಮೇಲೆ ಮಕ್ಕಳು ಬಿದ್ದು ಬಿದ್ದು ನಕ್ಕು, ಹೆಡ್ ಮಾಸ್ಟ್ರು ಮಾತ್ರ ನಗದೆ, ಇಡೀ ಸೆಕ್ಷನ್ ಮತ್ತೆ ಪ್ರಿಂಟ್.

ಇದಕ್ಕೆ ಔಷಧಿ ಒಂದೇ. ಪ್ರತಿ ಮಗು ಕೈಗೂ ಅಡ್ಮಿಷನ್ ನಂಬರು ದಪ್ಪ ಮಾರ್ಕರಲ್ಲಿ ಬರೆದ ಒಂದು ಚೀಟಿ ಕೊಡಿ. ಮೊದಲ ಕ್ಲಿಕ್ಕು ಎದೆ ಹತ್ರ ಚೀಟಿ ಹಿಡ್ಕೊಂಡು, ಎರಡನೇ ಕ್ಲಿಕ್ಕು ಚೀಟಿ ಕೆಳಗಿಳ್ಸಿ. ಎಷ್ಟು ಸಲ ಬೇಕಾದ್ರೂ ಹೊಡೀರಿ, ಮುಂದಿನ ಚೀಟಿ ಕಾಣೋವರೆಗೂ ಎಲ್ಲ ಅದೇ ಮಗೂದು. ಯಾರು ರಜಾ, ಯಾರು ಸಾಲು ತಪ್ಪಿ ನಿಂತರು, ಯಾವುದೂ ತಲೆನೋವಿಲ್ಲ. ಆಮೇಲೆ ಕೂತು ಚೆನ್ನಾಗಿರೋ ಫೋಟೋಗೆ ಆ ನಂಬರನ್ನೇ ಫೈಲ್ ಹೆಸರು ಕೊಡಿ, 0047 ಅಂದ್ರೆ 0047, ಅದರ ಮುಂದೆ ಹೆಸರು ಗಿಸರು ಏನೂ ಬೇಡ. ಹೆಸರಲ್ಲಿ ಸೇವ್ ಮಾಡಿದ್ರೆ ಒಂದೇ ಕ್ಲಾಸಲ್ಲಿ ಮೂರು ಸಂಜನಾ ಸಿಗ್ತಾರೆ, ಒಬ್ಬಳ ಮೇಲೆ ಇನ್ನೊಬ್ಬಳ ಫೋಟೋ ಸೇವ್ ಆಗಿ ಹೋಗುತ್ತೆ. ಎಕ್ಸೆಲ್‌ನಲ್ಲಿ ಫೋಟೋ ಅಂತ ಒಂದು ಕಾಲಂ ಮಾಡಿ ಅದೇ ನಂಬರ್ ಹಾಕಿದ್ರೆ ಲಿಸ್ಟನ್ನೂ ಫೋಟೋನೂ ಕಾರ್ಡ್ ಮೇಲೆ ಸೇರಿಸೋ ನಮ್ಮ ಮರ್ಜ್ ಸಾಫ್ಟ್‌ವೇರ್ ತಾನೇ ಎಳ್ಕೊಳ್ಳುತ್ತೆ.

ಈಗ ಹೊಡೆಯೋ ರೀತಿ. ಫೋನ್ ಕ್ಯಾಮೆರಾ ಸಾಕು, ದೊಡ್ಡ ಕ್ಯಾಮೆರಾ ಬೇಡ, ಕಾರ್ಡ್ ಮೇಲೆ ಫೋಟೋ 25 ಮಿಲಿಮೀಟರ್ ಅಗಲ ಬಂದ್ರೆ ಹೆಚ್ಚು, 300 ಡಿಪಿಐ (ಇಂಚಿಗೆ 300 ಚುಕ್ಕಿ) ಲೆಕ್ಕದಲ್ಲಿ 300 ಪಿಕ್ಸೆಲ್ಲೂ ಆಗಲ್ಲ. ಮಗೂನ ಗೋಡೆಗೆ ಅಂಟ್ಸಿ ನಿಲ್ಲಿಸ್ಬೇಡಿ, ಎರಡು ಮೂರಡಿ ಮುಂದೆ ನಿಲ್ಸಿ, ಇಲ್ಲಾಂದ್ರೆ ಕಿವಿ ಪಕ್ಕ ಕಪ್ಪು ನೆರಳು ಬೀಳುತ್ತೆ. ಮುಖಕ್ಕೆ ಕಿಟಕಿ ಅಥವಾ ವರಾಂಡದ ಬೆಳಕು, ಬಿಸಿಲಲ್ಲ, ಫ್ಲ್ಯಾಶೂ ಅಲ್ಲ. ನೀವು ನಾಲ್ಕೈದು ಅಡಿ ದೂರ ನಿಂತು ಝೂಮ್ ಮಾಡಿ, ಹತ್ರ ಹೋಗಿ ಹೊಡೆದ್ರೆ ಮೂಗು ದಪ್ಪ ಬರುತ್ತೆ. ಕನ್ನಡಕದವರಿಗೆ ಗಲ್ಲ ಒಂದಿಷ್ಟು ಕೆಳಗಿಳಿಸೋಕೆ ಹೇಳಿ, ಹೊಳಪು ಹೋಗುತ್ತೆ. ಬಿಳಿ ಶರ್ಟ್ ಯೂನಿಫಾರಂ ಆದ್ರೆ ಬಿಳಿ ಗೋಡೆ ಬೇಡವೇ ಬೇಡ, ತಿಳಿ ನೀಲಿ ಬಟ್ಟೆ ಕಟ್ಟಿ, ಇಲ್ಲಾಂದ್ರೆ ಕಾರ್ಡಲ್ಲಿ ತಲೆ ಮಾತ್ರ ಗಾಳೀಲಿ ತೇಲ್ತಿರುತ್ತೆ. ಬ್ಯೂಟಿ ಮೋಡ್ ಆಫ್. ಮಕ್ಕಳನ್ನ ಬೆಳ್ಳಗೆ ಮಾಡೋ ಸ್ಟುಡಿಯೋದವರಿಗೆ ಮೊದಲೇ ಹೇಳಿಬಿಡಿ, ಗುರುತಿನ ಚೀಟಿ ಅಂದ್ಮೇಲೆ ಗುರುತು ಸಿಗ್ಬೇಕು ತಾನೇ?

ಮನೆಯಿಂದಲೇ ಫೋಟೋ ತರಿಸ್ಕೋತೀವಿ ಅನ್ನೋರು ಇದಾರೆ. ಬೇಡ. ಒಬ್ಬರು ಮದುವೆ ಫೋಟೋ ಕತ್ತರಿಸಿ ಕಳಿಸ್ತಾರೆ, ಇನ್ನೊಬ್ಬರು ಮೂರು ವರ್ಷದ ಹಿಂದಿನ ಪಾಸ್‌ಪೋರ್ಟ್ ಸೈಜ್ ಫೋಟೋದ ಫೋಟೋ. ತರಿಸ್ಕೊಳ್ಳೇಬೇಕು ಅಂದ್ರೆ ವಾಟ್ಸಾಪಲ್ಲಿ ‘ಡಾಕ್ಯುಮೆಂಟ್’ ಅಂತ ಕಳಿಸೋಕೆ ಹೇಳಿ, ಆಗ ಫೋಟೋ ಕುಗ್ಗಲ್ಲ, ಫೈಲ್ ಹೆಸರೂ ಉಳಿಯುತ್ತೆ.

ಪ್ರೂಫ್

ಪಿಡಿಎಫ್ ಮಾಡಿ ಟೀಚರ್ಸ್ ಗ್ರೂಪಿಗೆ ಹಾಕಿದ್ರೆ ಎಲ್ರೂ ಹೆಬ್ಬೆಟ್ಟು ಒತ್ತುತಾರೆ, ಯಾರೂ ತೆಗೆದು ನೋಡಿರಲ್ಲ. ಎ4 ಹಾಳೆ ಮೇಲೆ ಕ್ಲಾಸ್ ಪ್ರಕಾರ ಫೋಟೋ, ಹೆಸರು, ನಂಬರ್ ಪ್ರಿಂಟ್ ಹಾಕಿ ಕ್ಲಾಸಿಗೇ ಕಳ್ಸಿ, ಪ್ರತಿ ಮಗು ತನ್ನ ಫೋಟೋ ಪಕ್ಕ ಸಹಿ ಹಾಕ್ಲಿ, ತಪ್ಪಿದ್ರೆ ಕೆಂಪು ಪೆನ್ನಲ್ಲಿ ತಿದ್ದಲಿ. ತನ್ನ ಹೆಸರಿನ ತಪ್ಪನ್ನ ಏಳನೇ ಕ್ಲಾಸ್ ಮಗು ಹುಡುಕಿದಷ್ಟು ಬೇಗ ಯಾವ ಕ್ಲರ್ಕೂ ಹುಡುಕಲ್ಲ. ಸಣ್ಣ ಮಕ್ಕಳದ್ದು ಮನೆಗೆ ಕಳ್ಸಿ.

ಡಿಸೈನ್, ಪ್ರಿಂಟ್

ಉದ್ದಕ್ಕೆ ನಿಲ್ಲೋ ಕಾರ್ಡೇ ಮಾಡ್ಸಿ, ಅಡ್ಡ ಬೇಡ. ಸೈಜು ಎಟಿಎಂ ಕಾರ್ಡಿಂದೇ, 85.6 ಬೈ 54 ಮಿಲಿಮೀಟರ್, ಹೋಲ್ಡರ್ ಎಲ್ಲ ಕಡೆ ಸಿಗುತ್ತೆ. ಟ್ಯಾಗ್ ಸಿಕ್ಕಿಸೋಕೆ ತೂತು (ಸ್ಲಾಟ್ ಪಂಚ್) ಆಗೋ ಜಾಗದಲ್ಲಿ ಲೋಗೋ ಇಡಬೇಡಿ. ಒಂದೇ ಹುಕ್ ಇರೋ ಕಾರ್ಡು ತಿರುಗಿಕೊಂಡೇ ಇರುತ್ತೆ, ಅದಕ್ಕೆ ಹಿಂದೆನೂ ಹೆಸರು ಹಾಕ್ಸಿ.

ಕ್ಯೂಆರ್ ಬೇಕಾದ್ರೆ ಒಳಗೆ ನಂಬರ್ ಮಾತ್ರ ಇರಲಿ, ಹೆಸರು ವಿಳಾಸ ಬೇಡ. ಫ್ರೀ ಕ್ಯೂಆರ್ ಕೊಡೋ ಕೆಲವು ಸೈಟ್‌ಗಳ ಬಗ್ಗೆ ಹುಷಾರು, ಅವರು ಕೊಡೋದು ಡೈನಮಿಕ್ ಕೋಡು, ಅವರ ಸರ್ವರ್ ಮೂಲಕ ಹೋಗುತ್ತೆ, ಟ್ರಯಲ್ ಮುಗಿದ ದಿನ ಎಲ್ಲ ಕಾರ್ಡಿಂದೂ ಸತ್ತುಹೋಗಿ ದುಡ್ಡು ಕಟ್ಟಿ ಅನ್ನುತ್ತೆ. ಮಾಹಿತಿ ಕೋಡ್ ಒಳಗೇ ಇರೋದನ್ನ, ‘ಸ್ಟ್ಯಾಟಿಕ್’ ಅಂತ ಕೇಳಿ ಮಾಡ್ಸಿ.

ಪ್ರಿಂಟಲ್ಲಿ ಎರಡು ದಾರಿ. ಇಂಕ್‌ಜೆಟ್ ಪ್ರಿಂಟರಿನ ಟ್ರೇಲಿ ಪಿವಿಸಿ ಕಾರ್ಡ್ ಇಟ್ಟು ಹೊಡೆಯೋದು ಅಗ್ಗ, ಆದ್ರೆ ಮೇಲೆ ಪದರ ಇಲ್ಲದ್ದರಿಂದ ಮಳೆ, ಬೆವರಿಗೆ ಹೋಲ್ಡರ್ ಒಳಗೇ ಮುಖ ಮಸುಕಾಗುತ್ತೆ. ಥರ್ಮಲ್ ಪ್ರಿಂಟರು ರಿಬ್ಬನ್ ಬಿಸಿ ಮಾಡಿ ಹಳದಿ, ಮಜೆಂಟಾ, ಸಯಾನ್, ಕಪ್ಪು ಒಂದೊಂದಾಗಿ ಇಳಿಸಿ, ಕೊನೇಲಿ ತೆಳ್ಳಗೆ ಒಂದು ಪಾರದರ್ಶಕ ಪದರ ಎಳೆಯುತ್ತೆ. ನನ್ನ ಕೇಳಿದ್ರೆ ಇದೇ. ಬಾರ್‌ಕೋಡು ರಿಬ್ಬನ್ನಿನ ಬರೀ ಕಪ್ಪು ಪ್ಯಾನಲ್ಲಿಂದಲೇ ಬರ್ಬೇಕು ಅಂತ ಹೇಳಿ, ಮೂರು ಬಣ್ಣ ಕಲಸಿ ಕಪ್ಪು ಮಾಡಿದ್ರೆ ಕಣ್ಣಿಗೆ ಕಪ್ಪಾಗೇ ಕಂಡ್ರೂ ಲೈಬ್ರರಿ ಸ್ಕ್ಯಾನರ್ ಓದೋಕೆ ಒದ್ದಾಡುತ್ತೆ.

ಚಿಪ್ ಕಾರ್ಡ್ ಆದ್ರೆ ನಿಮ್ಮ ಮೆಷಿನ್ 125 ಕಿಲೋಹರ್ಟ್ಸೋ 13.56 ಮೆಗಾಹರ್ಟ್ಸೋ ನೋಡ್ಕೊಂಡು ಆರ್ಡರ್ ಮಾಡಿ, ಒಂದಕ್ಕೆ ತಂದಿದ್ದು ಇನ್ನೊಂದರಲ್ಲಿ ನಡೆಯಲ್ಲ. 125ರದ್ದನ್ನ ಸಣ್ಣ ಮೆಷಿನ್ನಲ್ಲೇ ನಕಲು ಮಾಡಬಹುದು, ಹಾಜರಿಗೆ ಪರವಾಗಿಲ್ಲ, ಕ್ಯಾಶ್ ರೂಮ್ ಬಾಗಿಲಿಗೆ ಬೇಡ. ಪಂಚ್ ಹೊಡೆಯೋ ಮುಂಚೆ ಕಾರ್ಡ್ ಹಿಂದೆ ಟಾರ್ಚ್ ಹಿಡಿದು ಒಳಗಿನ ತಂತಿ ಎಲ್ಲಿದೆ ನೋಡಿ, ಅದು ತುಂಡಾದ್ರೆ ಕಾರ್ಡ್ ಬರೀ ಪ್ಲಾಸ್ಟಿಕ್.

ಟ್ಯಾಗ್

ಸಣ್ಣ ಮಕ್ಕಳಿಗೆ ಎಳೆದ್ರೆ ಕುತ್ತಿಗೆ ಹಿಂದೆ ಬಿಟ್ಕೊಳ್ಳೋ ಸೇಫ್ಟಿ ಲಾಕ್ ಇರೋ ಟ್ಯಾಗೇ ತಗೊಳ್ಳಿ, ಜಾರುಬಂಡೆಗೋ ವ್ಯಾನ್ ಬಾಗಿಲಿಗೋ ಸಿಕ್ಕಿಕೊಂಡ್ರೆ ಕಷ್ಟ. ಇದೊಂದರಲ್ಲಿ ದುಡ್ಡು ಉಳಿಸೋಕೆ ಹೋಗ್ಬೇಡಿ.

ಹಂಚಿದ ಮೇಲೆ

ಒಂದು ರಿಜಿಸ್ಟರ್ ಇಡಿ. ಕಳ್ಕೊಂಡೋರಿಗೆ ಕೊಡೋ ಹೊಸ ಕಾರ್ಡಲ್ಲಿ ನಂಬರ್ ಮುಂದೆ ‘-2’ ಅಂತ ಹಾಕ್ಸಿ, ಹಳೇದನ್ನ ಮೆಷಿನ್ನಿಂದ ತೆಗೆಸಿ. ಕೆಲಸ ಬಿಟ್ಟೋರ ಲೆಕ್ಕ ಚುಕ್ತಾ ಮಾಡೋ ದಿನ ಕಾರ್ಡ್ ವಾಪಸ್ ತಗೊಂಡು ಅವರ ಎದುರಿಗೇ ಕತ್ತರಿಸಿ. ಥರ್ಮಲ್ ಪ್ರಿಂಟರ್ ನಿಮ್ಮದೇ ಆದ್ರೆ ಖಾಲಿಯಾದ ರಿಬ್ಬನ್ ಹಾಗೇ ಕಸಕ್ಕೆ ಹಾಕ್ಬೇಡಿ, ಬೆಳಕಿಗೆ ಹಿಡಿದು ನೋಡಿ ಬೇಕಾದ್ರೆ, ನೀವು ಪ್ರಿಂಟ್ ಮಾಡಿದ ಪ್ರತಿ ಹೆಸರು, ಪ್ರತಿ ಫೋನ್ ನಂಬರು ಅದರಲ್ಲಿ ಸಾಲಾಗಿ ಓದೋಕೆ ಬರುತ್ತೆ. ಕತ್ತರಿಯಿಂದ ಚೂರು ಮಾಡಿ. ಹೊರಗೆ ಮಾಡ್ಸಿದ್ರೆ ಮರ್ಜ್ ಫೈಲು, ಫೋಟೋ ಫೋಲ್ಡರ್ ಎರಡೂ ಕಾಪಿ ಮಾಡಿಸ್ಕೊಂಡು, ಅಂಗಡಿಯವರ ಕಂಪ್ಯೂಟರಿಂದ ಡಿಲೀಟ್ ಮಾಡೋದನ್ನ ಪಕ್ಕದಲ್ಲಿ ಕೂತು ನೋಡಿ, ರೀಸೈಕಲ್ ಬಿನ್ನೂ ಸೇರಿಸಿ. ನನ್ನ ಅಂಗಡಿಗೆ ಬಂದ್ರೂ ಹಾಗೇ ಮಾಡಿ, ನಾನೇನೂ ಬೇಜಾರ್ ಮಾಡ್ಕೊಳ್ಳಲ್ಲ.