ಹಾಸಿಗೆ ಕೊಳ್ಳುವ ಮುಂಚೆ ಬೆನ್ನಿಗೆ ಟಿಕಳಿ ಹಚ್ಚಿ ನೋಡಿ

ಅಂಗಡಿಗೆ ಹೋಗಿ ಅಂಗೈಯಲ್ಲಿ ಎರಡು ಸಲ ಒತ್ತಿ, "ಮೆತ್ತಗಿದೆ, ಇದೇ ಇರಲಿ" ಅಂತ ಹಾಸಿಗೆ ಕೊಳ್ಳುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಅದರ ಮೇಲೆ ಮಲಗುವುದು ಅಂಗೈಯೋ, ಬೆನ್ನೋ? ಇನ್ನು ಕೆಲವರು ಅಂಗಡಿಗೂ ಹೋಗುವುದಿಲ್ಲ. ಮೊಬೈಲಿನಲ್ಲಿ ಫೋಟೊ ನೋಡಿ, ಹತ್ತು ಇಂಚು ದಪ್ಪದ್ದು ಅಂತ ಖುಷಿಯಾಗಿ ತರಿಸಿಕೊಳ್ಳುತ್ತಾರೆ. ಆರು ತಿಂಗಳು ಕಳೆದ ಮೇಲೆ ಸೊಂಟ ಹಿಡಿದುಕೊಂಡು ನನಗೆ ಫೋನು. "ದೊಡ್ಡಮ್ಮಾ, ಯಾವ ಎಣ್ಣೆ ಹಚ್ಚಲಿ?" ಎಣ್ಣೆ ಏನು ಮಾಡುತ್ತದೆ, ತಪ್ಪು ಇರುವುದು ಕೆಳಗಿನ ಹಾಸಿಗೆಯಲ್ಲಿ.

ಎಂಟು ಹತ್ತು ಸಾವಿರದೊಳಗೆ ಮುಗಿಸಬೇಕು ಅನ್ನುವವರಿಗೆ ಇದನ್ನು ಬರೆಯುತ್ತಿದ್ದೇನೆ. ದುಡ್ಡು ಕಡಿಮೆ ಇದ್ದಷ್ಟೂ ಒಳಗೆ ಏನಿದೆ ಅಂತ ಜಾಸ್ತಿ ನೋಡಬೇಕು. ಮೇಲಿನ ಹೊಳೆಯುವ ಬಟ್ಟೆ, ಅಂಚಿನ ಕಸೂತಿ, ದಪ್ಪ, ಇವಕ್ಕೆಲ್ಲ ಕೊಡುವ ದುಡ್ಡು ದಂಡ. ಐದು ಇಂಚು ಸಾಕು, ಮೈಭಾರ ಇದ್ದವರಿಗೆ ಆರು. ಮನೆಯಲ್ಲಿ ವಯಸ್ಸಾದವರಿದ್ದರೆ ಹಾಸಿಗೆ ಹಾಕಿದ ಮೇಲೆ ಮಂಚದ ಅಂಚಿಗೆ ಕೂರಿಸಿ ನೋಡಿ, ಪಾದ ಪೂರ್ತಿ ನೆಲಕ್ಕೆ ಊರಬೇಕು. ಎತ್ತರದ ಹಾಸಿಗೆಯಿಂದ ರಾತ್ರಿ ಜಾರಿ ಬಿದ್ದರೆ ಯಾರು ನೋಡುತ್ತಾರೆ?

ಮೊದಲು ಮಂಚ ನೋಡಿಕೊಳ್ಳಿ. ಹಳೆ ಹಾಸಿಗೆ ಕುಸಿದಿದೆ ಅಂತ ಬೈಯುವವರ ಮನೆಯಲ್ಲಿ ಎಷ್ಟೋ ಸಲ ಕುಸಿದಿರುವುದು ಪ್ಲೈವುಡ್. ಒಂದು ರಾತ್ರಿ ಅದೇ ಹಾಸಿಗೆಯನ್ನು ನೆಲದ ಮೇಲೆ ಹಾಕಿ ಮಲಗಿ. ಬೆನ್ನಿಗೆ ಹಿತ ಅನಿಸಿದರೆ ಬಡಗಿಯನ್ನು ಕರೆಸಿ, ಹಾಸಿಗೆ ಅಂಗಡಿಗೆ ಹೋಗಬೇಡಿ.

ನಮ್ಮ ಧಾರವಾಡದ ಮನೆಯಲ್ಲಿ ಬೇಸಿಗೆ ಬಂತೆಂದರೆ ಗಾದಿ ಹಾಕುವ ಕಾಕಾ ಬರುತ್ತಿದ್ದರು. ಪಡಸಾಲೆಯಲ್ಲಿ ಕೂತು ದೊಡ್ಡ ಬಿಲ್ಲಿನ ಹುರಿ ಮೀಟುತ್ತ ಹತ್ತಿ ಹಿಂಜುವರು. ಮನೆಯೆಲ್ಲ ಹತ್ತಿಯ ನವಿರು ಹಾರುತ್ತಿತ್ತು, ಅವ್ವ ನಮ್ಮ ತಲೆಗೆಲ್ಲ ಬಟ್ಟೆ ಕಟ್ಟುತ್ತಿದ್ದಳು. ಹೊಸ ಹತ್ತಿ ತಂದರೆ ಅವಳು ಮೂಟೆಯ ಮೇಲಿನದನ್ನು ಮುಟ್ಟುತ್ತಲೇ ಇರಲಿಲ್ಲ. ಮೊಣಕೈವರೆಗೆ ಕೈ ತೂರಿಸಿ ಬುಡದಿಂದ ಒಂದು ಹಿಡಿ ತೆಗೆಯುವಳು, ಬಿಗಿಯಾಗಿ ಮುಷ್ಟಿ ಕಟ್ಟಿ ಬಿಡುವಳು. ಹತ್ತಿ ಮತ್ತೆ ಅರಳಿ ನಿಂತರೆ ಸೈ. ಮುದ್ದೆಯಾಗಿ ಉಳಿದರೆ ವಾಪಸ್. ನಮ್ಮ ಕಡೆಯ ಜಯಧರ ಹತ್ತಿ ಒರಟು, ಎಳೆ ಗಿಡ್ಡ. ಸೀರೆ ನೂಲಿಗೆ ಅದು ಅಷ್ಟಕ್ಕಷ್ಟೆ, ಗಾದಿಗೆ ಮಾತ್ರ ಒರಟು ಹತ್ತಿಯೇ ಒಳ್ಳೆಯದು, ಒತ್ತಿದರೆ ಎದ್ದು ಬರುತ್ತದೆ. ಈಗ ಕಡಿಮೆ ರೇಟಿನ ಗಾದಿಗಳಲ್ಲಿ ಹಳೆ ಬಟ್ಟೆ ಹರಿದು ಮಾಡಿದ ಬಣ್ಣ ಬಣ್ಣದ ಹತ್ತಿ ತುಂಬುತ್ತಾರೆ. ಹೊಲಿಗೆ ಹಾಕುವ ಮುಂಚೆ ಒಳಗಿನದನ್ನು ತೋರಿಸಿ ಅಂತ ಕೇಳಿ. ತೋರಿಸದಿದ್ದರೆ ಬೇರೆ ಅಂಗಡಿ.

ಬರೀ ಹತ್ತಿ ಗಾದಿ ಎಲ್ಲರಿಗೂ ಆಗುವುದಿಲ್ಲ, ಒಪ್ಪುತ್ತೇನೆ. ಮೂರನೇ ಮಹಡಿಯಲ್ಲಿ ಇರುವವರು ಅದನ್ನು ಹೊತ್ತು ಬಿಸಿಲಿಗೆ ಹಾಕುವುದು ಎಲ್ಲಿ? ಅಂಥವರಿಗೆ ನಾನು ಹೇಳುವುದು, ಕೆಳಗೆ ನಾಲ್ಕು ಇಂಚಿನ ಕಾಯರ್ ಹಾಸಿಗೆ, ಅದರ ಮೇಲೆ ಬೆರಳೆರಡು ದಪ್ಪದ ತೆಳು ಹತ್ತಿ ಗಾದಿ. ಕಾಯರ್ ಬೆನ್ನನ್ನು ಹೊರುತ್ತದೆ, ಹತ್ತಿ ಭುಜ ಮತ್ತು ಸೊಂಟದ ಎಲುಬಿಗೆ ಮೆತ್ತಗಿರುತ್ತದೆ. ಕಾಯರ್ ಅಂದರೆ ತೆಂಗಿನ ನಾರಿಗೆ ರಬ್ಬರ್ ಹಾಲು ಹಾಕಿ ಒತ್ತಿದ್ದು. ಕೊಳ್ಳುವಾಗ ಒಂದು ಅಂಚು ಎತ್ತಿ ಜೋರಾಗಿ ತಟ್ಟಿ. ಕಂದು ಪುಡಿ ಉದುರಿದರೆ ಬೇಡ. ಮೇಲಿನ ಗಾದಿ ನಾಲ್ಕೈದು ವರ್ಷಕ್ಕೆ ಚಪ್ಪಟೆಯಾದರೆ ಅದೇ ಹತ್ತಿಯನ್ನು ಮತ್ತೆ ಹಿಂಜಿಸಿ, ಹೊಸ ಬಟ್ಟೆ ಹಾಕಿಸಿ. ಫೋಮಿಗೆ ಈ ಅನುಕೂಲ ಎಲ್ಲಿದೆ?

ಫೋಮೇ ಬೇಕು ಅಂದರೆ ತೂಕ ನೋಡಿ. 32 ಡೆನ್ಸಿಟಿ, 40 ಡೆನ್ಸಿಟಿ ಅಂತ ಅಂಗಡಿಯವರು ಹೇಳುತ್ತಾರಲ್ವಾ, ಅದು ಒಂದು ಘನ ಮೀಟರ್ ಫೋಮ್ ಎಷ್ಟು ಕೆಜಿ ತೂಗುತ್ತದೆ ಅನ್ನುವ ಲೆಕ್ಕ. ಆರಡಿ ಉದ್ದ, ಮೂರಡಿ ಅಗಲ, ನಾಲ್ಕು ಇಂಚು ದಪ್ಪದ ಹಾಸಿಗೆ 32ರದ್ದಾದರೆ ಒಳಗಿನ ಫೋಮ್ ಐದೂವರೆ ಕೆಜಿ ಹತ್ತಿರ ಇರಬೇಕು, 40ರದ್ದಾದರೆ ಏಳು ಕೆಜಿಗೆ ಸ್ವಲ್ಪ ಕಡಿಮೆ. ಕವರ್ ಸೇರಿಯೂ ಮೂರೂವರೆ ನಾಲ್ಕು ಕೆಜಿ ತೂಗಿದರೆ ಮಾತು ಬೇರೆ, ಮಾಲು ಬೇರೆ. ಡೆನ್ಸಿಟಿ ಜಾಸ್ತಿ ಅಂದರೆ ಗಟ್ಟಿ ಅಂತಲ್ಲ, ಬಾಳಿಕೆ ಜಾಸ್ತಿ ಅಂತ. ಜಿಪ್ ಇದ್ದರೆ ತೆಗೆಸಿ ನೋಡಿ. ಮೇಲೆ ಒಂದಿಂಚು ಒಳ್ಳೆಯ ಫೋಮ್ ಇಟ್ಟು, ಕೆಳಗೆ ಟಿವಿ ಡಬ್ಬಿಯಲ್ಲಿ ಬರುವಂಥ ಬಿಳಿ ಹಗುರ ಹಾಳೆ ತುಂಬಿರುವುದನ್ನು ನಾನೇ ಕಂಡಿದ್ದೇನೆ.

ಈಗ ಟಿಕಳಿ ವಿಷಯ. ಇದನ್ನು ಮಾಡದೆ ನಮ್ಮ ಮನೆಗೆ ಯಾವ ಹಾಸಿಗೆಯೂ ಬರುವುದಿಲ್ಲ. ಅಂಗಡಿಗೆ ಹೋಗುವಾಗ ನೀವು ದಿನಾ ಮಲಗುವ ದಿಂಬು ತೆಗೆದುಕೊಂಡು ಹೋಗಿ. ಒಂದು ಹಾಳೆ ದೊಡ್ಡ ಕೆಂಪು ಸ್ಟಿಕ್ಕರ್ ಟಿಕಳಿಯೂ ಇರಲಿ. ಜೊತೆಗೆ ಗಂಡನೋ, ತಂಗಿಯೋ, ಗೆಳತಿಯೋ ಬರಲಿ. ಮೈಗೆ ಅಂಟಿ ಕೂರುವ, ತಿಳಿ ಬಣ್ಣದ ಟೀ ಶರ್ಟ್ ಹಾಕಿಕೊಳ್ಳಿ, ಸಡಿಲ ಬಟ್ಟೆ ಜರುಗಿ ಲೆಕ್ಕ ತಪ್ಪಿಸುತ್ತದೆ. ನಿಂತುಕೊಂಡು ತಲೆ ಸ್ವಲ್ಪ ಬಗ್ಗಿಸಿ. ಕುತ್ತಿಗೆಯ ಬುಡದಲ್ಲಿ ಒಂದು ಎಲುಬು ಉಬ್ಬುತ್ತದೆ, ಅಲ್ಲಿ ಮೊದಲ ಟಿಕಳಿ. ಆಮೇಲೆ ಎರಡು ಹೆಗಲ ಮೂಳೆಗಳ ನಡುವೆ ಒಂದು, ಅವು ಮುಗಿಯುವಲ್ಲಿ ಒಂದು, ಸೊಂಟದ ತಗ್ಗಿನಲ್ಲಿ ಒಂದು, ಲಂಗದ ಲಾಡಿಗಿಂತ ಕೆಳಗೆ ಕೊನೆಯದು. ಬೆನ್ನುಮೂಳೆಯ ಮೇಲೇ ಬರಬೇಕು, ಬೆರಳಲ್ಲಿ ಒತ್ತಿ ಎಲುಬು ಸಿಕ್ಕ ಮೇಲೆ ಹಚ್ಚಿ. ಅವಸರ ಬೇಡ.

ಆಮೇಲೆ ನಿಮ್ಮ ದಿಂಬು ಇಟ್ಟುಕೊಂಡು ಪಕ್ಕಕ್ಕೆ ತಿರುಗಿ ಮಲಗಿ. ಅಂಗಡಿಯ ದಿಂಬು ಬೇಡವೇ ಬೇಡ, ಅದು ದಪ್ಪವಿದ್ದರೆ ಕುತ್ತಿಗೆ ಮೇಲಕ್ಕೆ ಸೊಟ್ಟಗಾಗಿ ಎಲ್ಲ ಕೆಡುತ್ತದೆ. ಹತ್ತು ಹದಿನೈದು ನಿಮಿಷ ಅಲ್ಲಾಡದೆ ಇರಿ. ಕೆಲವು ಫೋಮು ಮೈಬಿಸಿಗೆ ನಿಧಾನವಾಗಿ ಇಳಿಯುತ್ತವೆ, ಮಲಗಿದ ಕೂಡಲೇ ನೋಡಿದರೆ ಗೊತ್ತಾಗುವುದಿಲ್ಲ. ಈಗ ಜೊತೆಯವರು ಹಿಂದೆ ಮಂಡಿಯೂರಿ, ಫೋನನ್ನು ಹಾಸಿಗೆಯ ಮಟ್ಟಕ್ಕೆ ಹಿಡಿದು ಒಂದು ಫೋಟೊ ತೆಗೆಯಲಿ. ಮೇಲಿನಿಂದ ತೆಗೆದರೆ ಪ್ರಯೋಜನವಿಲ್ಲ. ಐದೂ ಟಿಕಳಿ ಹಾಸಿಗೆಗೆ ಸಮನಾಗಿ ಒಂದೇ ಗೆರೆಯಲ್ಲಿ ಇದ್ದರೆ ಅದು ನಿಮ್ಮ ಹಾಸಿಗೆ. ಕೊನೆಯ ಎರಡು ಕೆಳಗೆ ಇಳಿದಿದ್ದರೆ ಸೊಂಟ ಮುಳುಗಿದೆ, ಅದು ಬೇಡ. ಹಾಗೇ ಎದ್ದುಬಿಡಬೇಡಿ. ಜೊತೆಯವರು ನಿಮ್ಮ ಸೊಂಟದ ಕೆಳಗೆ ಅಂಗೈ ತೂರಿಸಲಿ. ಸಲೀಸಾಗಿ ಒಳಗೆ ಹೋಗಿ ಆಡಿದರೆ ಹಾಸಿಗೆ ಗಟ್ಟಿ. ಹೋಗಲೇ ಇಲ್ಲ ಅಂದರೆ ಮೆತ್ತಗೆ. ಸ್ವಲ್ಪ ಒತ್ತಿ ತೂರಿಸಬೇಕಾಗಿ ಬಂದರೆ ಹಾಸಿಗೆ ಸರಿ. ಅಂಗಡಿಯ ಹುಡುಗರು ನಕ್ಕರೆ ನಗಲಿ. ದುಡ್ಡೂ ನಿಮ್ಮದು, ಸೊಂಟವೂ ನಿಮ್ಮದು. ಗಂಡ ಹೆಂಡತಿ ಇಬ್ಬರೂ ಬೇರೆ ಬೇರೆಯಾಗಿ ಮಾಡಬೇಕು. ಎಂಬತ್ತು ಕೆಜಿಯವರಿಗೆ ಸರಿಯಾದದ್ದು ಐವತ್ತು ಕೆಜಿಯವರಿಗೆ ಹಲಗೆ ಆಗುತ್ತದೆ.

ಹಾಗೆ ಇಬ್ಬರಿಗೂ ಹೊಂದದಿದ್ದರೆ ಎರಡು ಸಿಂಗಲ್ ತಂದು ಜೋಡಿಸಿ. ನಡುವಿನ ಸಂದಿಗೆ ಒಂದು ಹಳೆ ಕೌದಿ ಮಡಚಿ ಹಾಸಿದರೆ ಆಯಿತು. ಬಾಡಿಗೆ ಮನೆ ಬದಲಿಸುವವರಿಗೆ ಹೊರುವುದು ಸುಲಭ, ಒಂದು ಹಾಳಾದರೆ ಒಂದನ್ನೇ ಕೊಂಡರೆ ಸಾಕು.

"ಬೆನ್ನುನೋವಿಗೆ ಕಲ್ಲಿನಂತೆ ಗಟ್ಟಿ ಇರಬೇಕು" ಅಂತ ಊರೆಲ್ಲ ಹೇಳುತ್ತದೆ. ಸ್ಪೇನ್ ದೇಶದಲ್ಲಿ ತುಂಬಾ ದಿನದಿಂದ ಸೊಂಟನೋವಿದ್ದ 313 ಜನರ ಮೇಲೆ ಇದನ್ನೇ ಪರೀಕ್ಷೆ ಮಾಡಿದರು, 2003ರಲ್ಲಿ ಅದು ಪ್ರಕಟವಾಯಿತು. ಗಟ್ಟಿ ಹಾಸಿಗೆಗಿಂತ ಮಧ್ಯಮ ಗಟ್ಟಿಯ ಹಾಸಿಗೆಯವರಿಗೆ ನೋವು ಜಾಸ್ತಿ ಕಡಿಮೆಯಾಯಿತು. ಆದ್ದರಿಂದ "ಆರ್ಥೋ" ಅಂತ ಬರೆದಿದೆ ಅಂತ ಎರಡು ಸಾವಿರ ಹೆಚ್ಚು ಕೊಡಬೇಡಿ. ಟಿಕಳಿ ಏನು ಹೇಳುತ್ತದೆಯೋ ಅದನ್ನು ಕೇಳಿ. ನೋವು ಕಾಲಿಗೆ ಇಳಿಯುತ್ತಿದ್ದರೆ, ಜೋಮು ಹಿಡಿಯುತ್ತಿದ್ದರೆ ಡಾಕ್ಟರ ಹತ್ತಿರ ಹೋಗಿ, ಹಾಸಿಗೆ ಅಂಗಡಿಗಲ್ಲ.

ಹತ್ತಿ ಗಾದಿಗೆ ತಿಂಗಳಿಗೊಮ್ಮೆಯಾದರೂ ಒಳ್ಳೆಯ ಬಿಸಿಲು ಬೇಕು, ಮಗುಚಿ ಎರಡೂ ಮಗ್ಗುಲು. ಫೋಮು, ಕಾಯರ್ ಎರಡನ್ನೂ ಸುಡು ಬಿಸಿಲಿಗೆ ಹಾಕಬೇಡಿ, ಫೋಮೂ ಕಾಯರಿನ ರಬ್ಬರೂ ಸತ್ತು ಪುಡಿಯಾಗುತ್ತವೆ. ಕಿಟಕಿ ಗಾಳಿ ಸಾಕು. ಮಾಳಿಗೆಯ ಮೇಲೆ ಬ್ಯಾಡಗಿ ಮೆಣಸಿನಕಾಯಿ ಒಣಗಿಸುವ ದಿನ ಗಾದಿ ಹಾಕಬೇಡಿ ಅಂತ ಎಷ್ಟು ಸಲ ಹೇಳಬೇಕೋ! ಘಾಟು ಹತ್ತಿಗೆ ಹಿಡಿದರೆ ರಾತ್ರಿಯೆಲ್ಲ ಸೀನು. ಹಾಗೇ ದಿಂಬಿನ ಕವರಿನ ಎಣ್ಣೆ ಜಿಡ್ಡು. ಅದನ್ನು ನೇರ ಮಷೀನಿಗೆ ಹಾಕಿದರೆ ಹೋಗುವುದಿಲ್ಲ, ಮೊದಲು ಪಾತ್ರೆ ತೊಳೆಯುವ ಸೋಪು ಉಜ್ಜಿ ಸ್ವಲ್ಪ ಹೊತ್ತು ಬಿಡಿ, ಆಮೇಲೆ ಬಿಸಿನೀರು.

ಆನ್‌ಲೈನಿನಲ್ಲಿ ಸುತ್ತಿ ಬಂದ ಹಾಸಿಗೆಯಾದರೆ ಎರಡು ದಿನ ಬಿಚ್ಚಿಡಿ, ವಾಸನೆ ಹೋಗಲಿ, ಪೂರ್ತಿ ಉಬ್ಬಲಿ. ಆಮೇಲೆ ಟಿಕಳಿ ಪರೀಕ್ಷೆ ಮನೆಯಲ್ಲೇ ಮಾಡಿ, ವಾಪಸ್ ಕೊಡುವ ಗಡುವು ಮುಗಿಯುವುದರೊಳಗೆ. ಬಿಲ್ಲು, ಡಬ್ಬಿ ಎಸೆಯಬೇಡಿ. ಮೇಲಿನ ಪ್ಲಾಸ್ಟಿಕ್ ಮಾತ್ರ ಅವತ್ತೇ ತೆಗೆಯಿರಿ. ಹೊಸದಾಗಿಯೇ ಇರಲಿ ಅಂತ ವರ್ಷಗಟ್ಟಲೆ ಬಿಡುತ್ತಾರೆ, ಬೆವರು ಒಳಗೇ ನಿಂತು ಮಳೆಗಾಲದಲ್ಲಿ ಬೂಷ್ಟು ಹಿಡಿಯುತ್ತದೆ. ಕೊಳೆಯಾಗುತ್ತದೆ ಅನ್ನುವ ಭಯವಿದ್ದರೆ ದಪ್ಪ ಹತ್ತಿ ಬಟ್ಟೆಯಲ್ಲಿ ಒಂದು ಗವಸು ಹೊಲಿಸಿ, ತಿಂಗಳಿಗೊಮ್ಮೆ ಒಗೆದು ಹಾಕಿ.